ಸಂಕೇಶ್ವರದಿಂದ ಗೋಕಾಕಕ್ಕೆ ದೋಣಿಯೇ? ಒಂದು ದಿನದ ಲೆಕ್ಕ ಬೇರೆ!

ಮಳೆ ಹಿಂದೆ ಸರಿದು ಹಿರಣ್ಯಕೇಶಿಯ ಕೆಂಪು ನೀರು ತಿಳಿಯಾಗುವ ಹೊತ್ತಿಗೆ ಕಣಗಲಾದಂಥ ಊರಿನ ಚಹಾದಂಗಡಿಯಲ್ಲಿ ಒಂದು ಮಾತು ಏಳುವುದುಂಟು. “ಲೇ, ಒಂದ್ ದೋಣಿ ತರೂಣು. ಮುಂಜಾನೆ ಸಂಕೇಶ್ವರದಾಗ ಹತ್ತಿದ್ರ ಸಂಜಿಗೆ ಗೋಕಾಕ ಫಾಲ್ಸ್!” ಎಂದು ಒಬ್ಬ ಹುಡುಗ ಅಂದರೆ, ಬಾಕಿನ ಮೇಲೆ ಕೂತ ಕಾಕಾ ಬೀಡಿ ತೆಗೆದು ಕೇಳುವುದು ಒಂದೇ ಮಾತು: “ಫಾಲ್ಸ್‌ನಾಗ ಇಳೀತೀರೋ, ಬೀಳ್ತೀರೋ ತಮ್ಮಾ?”

ನಗೆಯ ಮಾತಾದರೂ ಕಾಕಾನ ಪ್ರಶ್ನೆಯಲ್ಲಿ ಹುರುಳಿದೆ. ಆಂಬೋಲಿ ಘಟ್ಟದಲ್ಲಿ ಹುಟ್ಟಿದ ಹಿರಣ್ಯಕೇಶಿ ಆಜರಾ, ಗಡಹಿಂಗ್ಲಜ ದಾಟಿ ಸಂಕೇಶ್ವರಕ್ಕೆ ಬರುತ್ತದೆ. ಮುಂದೆ ಹುಕ್ಕೇರಿ ತಾಲ್ಲೂಕಿನಲ್ಲಿ ಹರಿದು, ಹಿಡಕಲ್ ಡ್ಯಾಮಿನ ಕೆಳಗೆ ಘಟಪ್ರಭೆಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಧೂಪದಾಳದ ಹಳೇ ಒಡ್ಡು. ಅದರ ಹಿನ್ನೀರು 1974ರಿಂದ ಪಕ್ಷಿಧಾಮ. ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಅಲ್ಲಿ ದೋಣಿ ಬಿಡುವಂತಿಲ್ಲ. ಒಡ್ಡಿನ ಕೆಳಗೆ ಬಂಡೆ, ಆಮೇಲೆ 171 ಅಡಿಯ ಫಾಲ್ಸ್. ನಕ್ಷೆಯ ಮೇಲೆ ಬೆರಳು ಜಾರಿಸಿದಷ್ಟು ಸಲೀಸಾಗಿ ದೋಣಿ ಜಾರುವುದಿಲ್ಲ.

ಹಾಗಾದರೆ ನದಿಯಲ್ಲಿ ಒಂದು ದಿನ ಆರಾಮವಾಗಿ ಕಳೆಯುವ ಯೋಗ ಈ ಭಾಗದವರಿಗೆ ಇಲ್ಲವೇ? ಇದೆ. ಆದರೆ ಅದು “ಇಲ್ಲಿಂದ ಅಲ್ಲಿಗೆ” ಹೋಗುವ ಪ್ರವಾಸ ಅಲ್ಲ. ಒಂದು ಬಾಂದಾರದ ಹಿನ್ನೀರಿನೊಳಗೇ ಹೋಗಿ ಬರುವ ಪ್ರವಾಸ.

ಬಾಂದಾರ ಎಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಕೊಲ್ಲಾಪುರ ಮಾದರಿಯ ಒಡ್ಡು. ಸಾಲುಗಂಬ, ಕಂಬದ ನಡುವೆ ಹಲಗೆ. ಮಳೆಗಾಲದಲ್ಲಿ ಹಲಗೆ ತೆಗೆದು ಹೊಳೆಯನ್ನು ಹರಿಯಬಿಡುತ್ತಾರೆ. ಮಳೆ ನಿಂತ ಮೇಲೆ ಹಲಗೆ ಹಾಕಿ ನೀರು ನಿಲ್ಲಿಸುತ್ತಾರೆ. ರೈತನ ಕಬ್ಬಿಗೆ ಇದು ಜೀವ. ದೋಣಿಯವನಿಗೆ ಇದೇ ಮಿತ್ರ, ಇದೇ ಯಮ. ಹಲಗೆ ಹಾಕಿದ ಮೇಲೆ ಹಿಂದೆ ನಿಂತ ನೀರು ಕೆರೆಯ ಹಾಗೆ ಶಾಂತ, ಹೊಸಬನೂ ಹುಟ್ಟು ಹಾಕಬಹುದು. ಹಲಗೆ ಇಲ್ಲದಾಗ ಅದೇ ಕಂಬಗಳ ಸಂದಿಯಲ್ಲಿ ನೀರು ನುಗ್ಗುತ್ತದೆ. ದೂರದಿಂದ ನೋಡಿದರೆ “ಇಷ್ಟ ಅಗಲ ಐತಿ, ಪಾರಾಗತೈತಿ” ಅನಿಸುತ್ತದೆ. ದೋಣಿ ಅಡ್ಡ ತಿರುಗಿ ಕಂಬಕ್ಕೆ ಒತ್ತಿಕೊಂಡರೆ ಎತ್ತಿ ಬಿಡಿಸುವ ಶಕ್ತಿ ನಾಲ್ಕು ಪೈಲವಾನರಿಗೂ ಇಲ್ಲ. ಇನ್ನು ಹಲಗೆಯ ಮೇಲಿಂದ ನೀರು ಧುಮುಕುತ್ತಿದ್ದರೆ, ಬಿದ್ದ ನೀರು ಬುಡದಲ್ಲೇ ಸುತ್ತು ಹೊಡೆದು, ಬಿದ್ದವನನ್ನು ಮತ್ತೆ ಒಡ್ಡಿನ ಕಡೆಗೇ ಎಳೆಯುತ್ತದೆ. ಚಲೋ ಈಸು ಬಲ್ಲವರೂ ಇಂಥಲ್ಲಿ ಸೋಲುತ್ತಾರೆ. ಹೊಳೆಯಲ್ಲಿ ಹುಡುಗರು ಮುಳುಗಿದ ಸುದ್ದಿಗಳನ್ನು ಓದುಗರು ಮರೆತಿರಲಾರರು.

ಆದ್ದರಿಂದ ಮೊದಲ ಕಟ್ಟಳೆ: ದೋಣಿ ಹತ್ತುವುದು ಬಾಂದಾರದಿಂದ ಬಲು ಮೇಲೆ, ಹೋಗುವುದು ಹೊಳೆಯ ಮೇಲ್ಮುಖಕ್ಕೆ, ಬರುವುದು ಹತ್ತಿದ ಜಾಗಕ್ಕೇ. ದಣಿವಾಗದ ಹೊತ್ತಿನಲ್ಲಿ ಎದುರು ಹುಟ್ಟು, ದಣಿದಾಗ ಹೊಳೆಯ ಜೊತೆ ಇಳಿಕೆ. ಎರಡನೇ ಗಾಡಿ ಬೇಡ, ತಿರುಗಿ ಬರಲು ಬಸ್ಸಿನ ಪರದಾಟವೂ ಬೇಡ.

ಎಷ್ಟು ದೂರ? ಹೊಸಬರು ನಿಂತ ನೀರಿನಲ್ಲಿ ತಾಸಿಗೆ ಮೂರು ಕಿಲೋಮೀಟರ್ ಹೋದರೆ ಹೆಚ್ಚು. ನಾಲ್ಕು ತಾಸು ಹುಟ್ಟು ಹಾಕಿದರೂ ಹನ್ನೆರಡು ಕಿಲೋಮೀಟರ್, ಅಂದರೆ ಆರು ಹೋಗಿ ಆರು ಬರುವುದು. ಹಿನ್ನೀರು ಅಷ್ಟು ಉದ್ದ ಇಲ್ಲದಿದ್ದರೆ ಇನ್ನೂ ಚಲೋ, ಬುತ್ತಿ ಬಿಚ್ಚಲು ಸಮಯ ಸಿಕ್ಕಿತು. (ಜ್ವಾಳದ ರೊಟ್ಟಿ, ಝುಣಕ, ಸಂಕೇಶ್ವರಿ ಮೆಣಸಿನಕಾಯಿಯ ಚಟ್ನಿ ಇದ್ದ ಮೇಲೆ ಹೊತ್ತು ಹೋಗದೆ ಇರುತ್ತದೆಯೇ?) ಎಂಟಕ್ಕೆ ಹತ್ತಿದವರು ನಾಲ್ಕಕ್ಕೆ ದಂಡೆಯಲ್ಲಿರಬೇಕು. ಡಿಸೆಂಬರದಲ್ಲಿ ಆರಕ್ಕೆಲ್ಲ ಕತ್ತಲು.

ಹಿಂದಿನ ದಿನ ಮೋಟಾರ್ ಸೈಕಲ್ ಮೇಲೆ ದಂಡೆಗುಂಟ ತಿರುಗಿ ನೋಡುವುದು ದೋಣಿಗಿಂತ ಮುಖ್ಯ. ಕಬ್ಬು ನೀರಿನ ಅಂಚಿಗೇ ಬಂದಿರುತ್ತದೆ. ಇಳಿಯಲು ಜಾಗವೇ ಇರುವುದಿಲ್ಲ. ಪಂಪ್‌ಸೆಟ್ಟಿನ ಪೈಪು ನೀರೊಳಗೆ, ಕರೆಂಟಿನ ವಾಯರು ಕೆಲವೆಡೆ ತಲೆಮಟ್ಟಕ್ಕೆ. ವಾಯರ್ ಕಂಡಲ್ಲಿ ಕೈ ಎತ್ತಿ ಸರಿಸುವ ಜಾಣತನ ಬೇಡ. ಮೀನಿನ ಬಲೆ, ಅಂತರಗಂಗೆ, ಮಳಲು ತೆಗೆದ ಗುಂಡಿ, ಇವೆಲ್ಲ ದಿನಾ ಹೊಳೆಗೆ ಇಳಿಯುವ ಮೀನುಗಾರರಿಗೆ ಗೊತ್ತು. “ಕಾಕಾ, ಮೊಸಳಿ ಗಿಸಳಿ ಅದಾವೇನ್ರಿ?” ಎಂದು ಕೇಳಲು ನಾಚಿಕೆ ಪಡಬಾರದು. ಕೃಷ್ಣೆಯ ಮೊಸಳೆ ಈ ಜಿಲ್ಲೆಗೆ ಹೊಸ ಸುದ್ದಿಯೇನಲ್ಲ.

ದೋಣಿಯ ಮಾತು. ಗಡಿಭಾಗದಲ್ಲಿ ಮಹಾಪೂರ ಬಂದಾಗ ಬೆಲ್ಲ ಕಾಸುವ ಕಡಾಯಿಯಲ್ಲೇ ಜನರನ್ನು ದಾಟಿಸಿದ್ದುಂಟು. ಅದು ಆಪತ್ತಿನ ಕಾಲದ ಉಪಾಯ, ರವಿವಾರದ ಮೋಜಿಗಲ್ಲ. ಲಾರಿ ಟ್ಯೂಬಿಗೆ ಹಲಗೆ ಬಿಗಿದ ‘ದೋಣಿ’ಯೂ ಅಷ್ಟೇ. ದಾಂಡೇಲಿಯಲ್ಲಿ ಕಾಳಿ ನದಿಗೆ ಇಳಿಯುವವರಿಗೆ ಮೊದಲು ತೊಡಿಸುವುದು ಲೈಫ್ ಜಾಕೆಟ್. ನಮ್ಮಲ್ಲಿ ಮೊದಲು ಕೇಳುವುದು “ಈಸು ಬರತದೇನು?” ಎಂದು. ಬಂದರೂ ಬರದಿದ್ದರೂ ತಲೆಗೊಂದು ಜಾಕೆಟ್ ಇಲ್ಲದಿದ್ದರೆ ಹೊಳೆಗೆ ಕಾಲಿಡಬಾರದು. ಅಷ್ಟು ರೊಕ್ಕ ಇಲ್ಲವೆಂದರೆ ಆ ದಿನ ದಂಡೆಯ ಮೇಲೇ ಬುತ್ತಿ ಉಣ್ಣಲಿ.

ಕಾಲ ಯಾವುದು? ಹಲಗೆ ಹಾಕಿ ನೀರು ತಿಳಿಯಾದ ನವೆಂಬರದಿಂದ ಜನವರಿವರೆಗೆ. ಮಾರ್ಚ್ ದಾಟಿದರೆ ಎಷ್ಟೋ ಕಡೆ ಬಂಡೆ ಮೇಲೇಳುತ್ತದೆ. ಮಳೆಗಾಲದ ಮಾತೇ ಬೇಡ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಮನೆ ಅಂಗಡಿಗಳಿಗೆ ನುಗ್ಗಿದ್ದು, 2021ರ ಜುಲೈದಲ್ಲಿ ಹಿರಣ್ಯಕೇಶಿ ಸಂಕೇಶ್ವರದೊಳಗೆ ಬಂದಿದ್ದು ಜನರ ಕಣ್ಣಮುಂದಿದೆ. ಇನ್ನೊಂದು: ಇಲ್ಲಿ ಹನಿ ಮಳೆ ಇಲ್ಲದಿದ್ದರೂ ಮೇಲಿನಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ. ಬೆಳಿಗ್ಗೆ ದಂಡೆಯಲ್ಲಿ ಒಂದು ಗೂಟ ನೆಟ್ಟು, ನೀರಿನ ಮಟ್ಟಕ್ಕೆ ಗುರುತು ಮಾಡಿ ಹೋಗುವುದು ಹಿರಿಯರ ಪದ್ಧತಿ. ಗೂಟ ಕಾಯಲು, ಫೋನ್ ಹಿಡಿದು ದಂಡೆಯಲ್ಲಿ ಒಬ್ಬ ಇರಲೇಬೇಕು. ಆ ಪಾಳಿ ಯಾರಿಗೂ ಬೇಡವಾಗಿರುತ್ತದೆ, ಚೀಟಿ ಎತ್ತಲಿ.

ಹಲಗೆ ಯಾವ ದಿನ ಹಾಕುತ್ತಾರೆ, ಯಾವ ದಿನ ತೆಗೆಯುತ್ತಾರೆ ಎಂಬುದನ್ನು ನೀರಾವರಿಯವರು ದಂಡೆಯ ಪಂಚಾಯತಿಗಳ ಕಚೇರಿ ಗೋಡೆಗೆ ನಾಲ್ಕು ದಿನ ಮೊದಲೇ ಹಚ್ಚಿದರೆ ಖರ್ಚು ಒಂದು ಕಾಗದದ್ದು. ದೋಣಿಯವರಿಗಷ್ಟೇ ಅಲ್ಲ, ಬಟ್ಟೆ ಒಗೆಯುವ ಹೆಣ್ಣುಮಕ್ಕಳಿಗೆ, ಎಮ್ಮೆ ಮೈ ತೊಳೆಯುವ ಹುಡುಗರಿಗೆ ಅದು ಮೊದಲು ಬೇಕು. ಈ ಸಲ ಹಲಗೆ ಬೀಳುವ ಮುಂಚೆ ಆ ಕಾಗದ ಗೋಡೆಗೆ ಬೀಳಲಿ.