ಡಿಸೋಜ: ಒಂದು ಕುಲನಾಮದ ಮೂಲ ಮತ್ತು ಅರ್ಥ

ವಿದ್ಯಾನಗರದ ಸುತ್ತಮುತ್ತಲಿಂದ ಮಂಜೇಶ್ವರದವರೆಗಿನ ಕನ್ನಡ ಮಾಧ್ಯಮ ಶಾಲೆಗಳ ಹಾಜರಿ ಪುಸ್ತಕಗಳಲ್ಲಿ ರೈ, ಭಟ್, ಶೆಟ್ಟಿ ಎಂಬ ಕುಲನಾಮಗಳ ನಡುವೆ ಡಿಸೋಜ ಎಂಬುದೂ ಕಾಣಸಿಗುತ್ತದೆ. ಹೆಸರಿನೊಂದಿಗೆ ಇನಿಷಿಯಲ್ ಬರೆಯುವ ರೂಢಿ ನಮ್ಮ ಶಾಲೆಗಳಲ್ಲಿ ಬಲವಾಗಿರುವುದರಿಂದ ಕೆಲವೊಮ್ಮೆ ಇದು ‘ಡಿ. ಸೋಜ’ ಎಂದಾಗಿಬಿಡುತ್ತದೆ. ಆ ಚುಕ್ಕೆ ಅಲ್ಲಿ ಸಲ್ಲದು. ಏಕೆಂಬುದನ್ನು ಹೆಸರಿನ ಅರ್ಥವೇ ತಿಳಿಸುತ್ತದೆ.

ಪೋರ್ಚುಗೀಸ್ ಭಾಷೆಯಲ್ಲಿ ಇದು ‘ದೆ ಸೋಜ’ ಎಂಬ ಎರಡು ಪದ. ‘ದೆ’ ಎಂಬುದು ನಮ್ಮ ಷಷ್ಠೀ ವಿಭಕ್ತಿ ಪ್ರತ್ಯಯದ ಕೆಲಸ ಮಾಡುತ್ತದೆ. ಪ್ರತ್ಯಯ ಕನ್ನಡದಲ್ಲಿ ಪದದ ಹಿಂದೆ ಬಂದರೆ ಅಲ್ಲಿ ಇದು ಮುಂದೆ ನಿಲ್ಲುತ್ತದೆ. ಸೋಜ ಎಂಬುದು ಉತ್ತರ ಪೋರ್ಚುಗಲ್ಲಿನಲ್ಲಿ ಹರಿದು ದೋರು ನದಿಯನ್ನು ಸೇರುವ ಒಂದು ಹೊಳೆ, ಅದರ ಸುತ್ತಲಿನ ಸೀಮೆ. ಆದುದರಿಂದ ಡಿಸೋಜ ಎಂದರೆ ‘ಸೋಜ ಸೀಮೆಯವರು’. ಇಟಲಿಯ ಚಿತ್ರಕಾರ ಲಿಯೊನಾರ್ದೊ ದ ವಿಂಚಿಯ ಹೆಸರಿನ ರಚನೆಯೂ ಹೀಗೆಯೇ: ವಿಂಚಿ ಆತನ ಹುಟ್ಟೂರು. ದೂರ ಹೋಗಬೇಕಿಲ್ಲ, ಕಯ್ಯಾರ ಕಿಞ್ಞಣ್ಣ ರೈ ಎಂಬಲ್ಲಿ ಕಯ್ಯಾರವೂ ಊರೇ.

ಹಾಗಾದರೆ ಇಲ್ಲಿನ ಡಿಸೋಜ ಕುಟುಂಬಗಳು ಪೋರ್ಚುಗಲ್ಲಿನಿಂದ ಬಂದವೇ? ತರಗತಿಯಲ್ಲಿ ‘ನಿನ್ನದು ಪರದೇಶದ ಹೆಸರು’ ಎಂಬ ಮಾತನ್ನು ಕೇಳಿಸಿಕೊಂಡ ಮಗುವಿಗೆ ಈ ಪ್ರಶ್ನೆ ಸಣ್ಣದಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಮುಂದೆ ಕ್ರೈಸ್ತ ಧರ್ಮಕ್ಕೆ ಸೇರಿದ ಸ್ಥಳೀಯರಿಗೆ ಜ್ಞಾನಸ್ನಾನದ ವೇಳೆ ಪಾದ್ರಿಯ ಅಥವಾ ಧರ್ಮಪಿತನ ಕುಲನಾಮವನ್ನು ಇಡುವ ಪದ್ಧತಿ ಬಂತು. ಹೀಗೆ ಬಂದದ್ದು ಹೆಸರು ಮಾತ್ರ, ರಕ್ತವಲ್ಲ. ಒಂದೇ ಕುಲನಾಮವುಳ್ಳ ಎರಡು ಮನೆಗಳು ನೆಂಟರಾಗಿರಬೇಕೆಂದೂ ಇಲ್ಲ. ಗೋವೆಯನ್ನು ಬಿಟ್ಟು ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಬಂದವರು ಕೊಂಕಣಿಯನ್ನೂ ಈ ಹೆಸರುಗಳನ್ನೂ ಜೊತೆಗೆ ತಂದರು. ಪೂರ್ವಜರು ಯಾವ ಜಾತಿಯಿಂದ ಬಂದವರೆಂದು ಮಗುವನ್ನು ಕೆದಕುವುದು ಪಾಠಕ್ಕೆ ಬೇಕಾದ ವಿಷಯವಲ್ಲ.

ಬರಹದ ವಿಚಾರ ಇನ್ನೂ ಸೂಕ್ಷ್ಮವಾದುದು. ಮಲಯಾಳದಲ್ಲಿ ಇದನ್ನು ‘ಡಿಸೂಸ’ ಎಂದು ಬರೆಯುವುದುಂಟು. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಬರೆದರೆ ‘ಡಿಸೌಜಾ’ ಆಗುತ್ತದೆ. ಪೋರ್ಚುಗೀಸ್ ಉಚ್ಚಾರಣೆಗೆ ಹೆಚ್ಚು ಸಮೀಪವಾದುದು ಕನ್ನಡದ ‘ಡಿಸೋಜ’ ಎಂಬ ರೂಪವೇ. ಇಂಗ್ಲಿಷಿನಲ್ಲಿ ‘ಡಿ’ಯ ಬಳಿ ಹಾಕುವ ಲೋಪಚಿಹ್ನೆಯೂ ಮೂಲದಲ್ಲಿಲ್ಲ. ‘ದ್ವೀಪ’ ಕಾದಂಬರಿಯ ಕರ್ತೃ ನಾ. ಡಿಸೋಜ ಅವರ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದರೆ ವಿಷಯ ಸುಲಭವಾಗಿ ಸ್ಪಷ್ಟವಾಗುತ್ತದೆ: ಅಲ್ಲಿ ‘ನಾ’ ಎಂಬುದು ನಾರ್ಬರ್ಟ್ ಎಂಬುದರ ಮೊದಲಕ್ಷರ, ‘ಡಿ’ ಹಾಗಲ್ಲ.

ಒಂದು ದಾಖಲೆಯಲ್ಲಿ ಒಂದು ರೂಪ, ಇನ್ನೊಂದರಲ್ಲಿ ಮತ್ತೊಂದು ರೂಪವಿದ್ದರೆ ತಿದ್ದುಪಡಿಗಾಗಿ ಅಲೆಯಬೇಕಾದವರು ಹೆತ್ತವರು. ಪ್ರವೇಶದ ದಿನವೇ ಕುಲನಾಮವನ್ನು ಅವರ ಕೈಯಿಂದಲೇ ಕನ್ನಡದಲ್ಲಿ ಬರೆಸಿಕೊಂಡು, ಅದನ್ನು ಜನನ ಪ್ರಮಾಣಪತ್ರದೊಡನೆ ತಾಳೆ ನೋಡಿ, ಅನಂತರ ಪುಸ್ತಕಕ್ಕೆ ಏರಿಸುವುದು ಉಚಿತ.