ಬೆಂಕಿಗೆ ಆಹುತಿಯಾದ ಕಸೂತಿ ಸಾಮಗ್ರಿ: ವಿಮೆಯಿಂದ ನ್ಯಾಯವಾದ ಬೆಲೆ ಪಡೆಯುವ ಬಗೆ

ಧಾರವಾಡ, ಬಿಜಾಪುರಗಳ ಕಡೆಯಿಂದ ಮುಂಬಯಿಗೆ ಬಂದು ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಕಸೂತಿಯ ಸೂಜಿಯನ್ನು ಕೈಬಿಡದ ಗೃಹಿಣಿಯರು ಇಂದಿಗೂ ಇದ್ದಾರೆ. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳನ್ನು ತಾಯಿಯಿಂದ ಕಲಿತವರು ಮೊದಮೊದಲು ಮಗಳ ಇಳಕಲ್ ಸೀರೆಗೆ ಗೋಪುರ, ತೇರು, ಆನೆ ಅಂಬಾರಿಗಳನ್ನು ಹಾಕುತ್ತಾರೆ. ಅನಂತರ ನೆರೆಹೊರೆಯವರ ರವಿಕೆಗಳು ಬರುತ್ತವೆ. ಕ್ರಮೇಣ ಅದೊಂದು ಚಿಕ್ಕ ಉದ್ಯೋಗವಾಗಿ, ಮಕ್ಕಳ ಶಾಲೆಯ ಶುಲ್ಕಕ್ಕೋ ಮನೆಯ ಸಾಲದ ಕಂತಿಗೋ ಆಸರೆಯಾಗುತ್ತದೆ. ಅಷ್ಟರಲ್ಲಿ ಎರಡು ಕೋಣೆಗಳ ಮನೆಯ ಕಪಾಟೊಂದು ರೇಷ್ಮೆ ಎಳೆಯ ಲಡಿಗಳು, ಜರಿ, ಲೇಸು, ಮಣಿ, ಚಮಕಿ, ಖಣದ ತುಂಡುಗಳಿಂದ ತುಂಬಿ ಹೋಗಿರುತ್ತದೆ. ಐವತ್ತು ನೂರು ರೂಪಾಯಿಗಳಂತೆ ಹತ್ತಾರು ವರ್ಷ ಕೊಂಡು ಕೂಡಿಟ್ಟ ಈ ಸಾಮಗ್ರಿಯ ಒಟ್ಟು ಬೆಲೆ ಎಷ್ಟೆಂದು ಮನೆಯವರಾರೂ ಕೂಡಿಸಿ ನೋಡಿರುವುದಿಲ್ಲ. ಹಳೆಯ ವಿದ್ಯುತ್ ತಂತಿಯ ಒಂದು ಕಿಡಿ ಆ ಕಪಾಟನ್ನು ಅರ್ಧ ಗಂಟೆಯಲ್ಲಿ ಬೂದಿ ಮಾಡಿದಾಗ ಮಾತ್ರ ಆ ಲೆಕ್ಕ ಬೇಕಾಗುತ್ತದೆ.

ಅಗ್ನಿ ವಿಮೆಯ ತತ್ವ ಸರಳವಾದುದು. ನಷ್ಟಕ್ಕೆ ಮುನ್ನ ಇದ್ದ ಆರ್ಥಿಕ ಸ್ಥಿತಿಗೆ ವಿಮೆದಾರನನ್ನು ಮರಳಿಸಬೇಕು. ಅದಕ್ಕಿಂತ ಹೆಚ್ಚೂ ಕೂಡದು, ಕಡಿಮೆಯೂ ಕೂಡದು. ಆದುದರಿಂದ ದಾಸ್ತಾನಿಗೆ ದೊರೆಯುವುದು ಮಾರಾಟದ ಬೆಲೆಯಲ್ಲ, ಅದನ್ನು ಕೊಂಡು ಮನೆಗೆ ತರಲು ತಗಲುವ ವೆಚ್ಚ. ಕಸೂತಿ ಹಾಕಿದ ಸೀರೆಯೊಂದು ಹದಿನೈದು ಸಾವಿರಕ್ಕೆ ಮಾರಾಟವಾಗುವಂತಿದ್ದರೂ ಅದರಲ್ಲಿ ಅಡಗಿದ ಲಾಭ ಸಾಮಾನ್ಯ ಅಗ್ನಿ ಪಾಲಿಸಿಯ ವ್ಯಾಪ್ತಿಗೆ ಬರುವುದಿಲ್ಲ. ಇದನ್ನು ಅರಿಯದೆ ಮಾರಾಟದ ಬೆಲೆಗಳನ್ನೇ ಬರೆದುಕೊಟ್ಟು, ಸರ್ವೇಯರನು ಅದನ್ನು ಇಳಿಸಿದಾಗ ಅನ್ಯಾಯವಾಯಿತೆಂದು ಕೊರಗುವವರಿದ್ದಾರೆ. ಅದರಿಂದ ಆಗುವ ದೊಡ್ಡ ಕೇಡೆಂದರೆ, ಪಟ್ಟಿಯ ಉಳಿದ ಅಂಕಿಗಳ ಮೇಲೂ ಸಂಶಯ ಬೀಳುವುದು.

ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ, ಈ ಸಾಮಗ್ರಿ ಗೃಹಬಳಕೆಯ ವಸ್ತುವೋ ವ್ಯಾಪಾರದ ದಾಸ್ತಾನೋ ಎಂಬುದು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಅದರ ವಿಮಾ ಮೊತ್ತದ ಶೇಕಡಾ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಗಳವರೆಗೆ, ಮನೆಯೊಳಗಣ ಸಾಮಾನುಗಳಿಗೂ ತಾನಾಗಿ ರಕ್ಷಣೆ ದೊರೆಯುತ್ತದೆ. ಹವ್ಯಾಸಕ್ಕಾಗಿ ಇಟ್ಟುಕೊಂಡ ನೂಲು ಸೂಜಿಗಳಿಗೆ ಇದು ಸಾಕಾದೀತು. ಆದರೆ ಆ ಪಾಲಿಸಿ ವಾಸದ ಮನೆಯನ್ನು ಉದ್ದೇಶಿಸಿ ರಚಿತವಾದುದು. ಆರ್ಡರು ಹಿಡಿದು, ಇಬ್ಬರು ಮೂವರಿಗೆ ಕೂಲಿ ಕೊಟ್ಟು ನಡೆಸುವ ಕೆಲಸದ ದಾಸ್ತಾನನ್ನು ಅದರಡಿ ಕೇಳಿದರೆ ತಕರಾರು ಏಳುವುದು ನಿಶ್ಚಿತ. ಅಂಥವರಿಗಾಗಿ ಅದೇ ದಿನದಿಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಪಾಲಿಸಿಯಿದೆ; ಒಂದು ಸ್ಥಳದಲ್ಲಿರುವ ಆಸ್ತಿಯ ಒಟ್ಟು ಮೌಲ್ಯ 5 ಕೋಟಿ ರೂಪಾಯಿ ಮೀರದ ಉದ್ಯಮಗಳಿಗೆ ಅದು ಅನ್ವಯಿಸುತ್ತದೆ. ಮನೆಯಲ್ಲೇ ಕೆಲಸ ನಡೆಯುತ್ತದೆಂಬುದನ್ನು ಪ್ರಸ್ತಾವನಾ ಪತ್ರದಲ್ಲಿ ಮುಚ್ಚಿಡದೆ ಬರೆಯಬೇಕು. ಪ್ರೀಮಿಯಂ ಒಂದಿಷ್ಟು ಹೆಚ್ಚಾದೀತೆಂದು ಮರೆಮಾಚುವುದು ಅತ್ಯಂತ ದುಬಾರಿಯಾದ ಉಳಿತಾಯ.

ಎರಡನೆಯದು ವಿಮಾ ಮೊತ್ತದ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲಿಯೇ. ದಾಸ್ತಾನಿನ ನಿಜವಾದ ಬೆಲೆ 2 ಲಕ್ಷ ರೂಪಾಯಿ ಇದ್ದು, ವಿಮೆ 1 ಲಕ್ಷಕ್ಕೆ ಮಾತ್ರ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳಬಹುದು. ಬೆಂಕಿಯಲ್ಲಿ 80 ಸಾವಿರದ ಮಾಲು ಸುಟ್ಟುಹೋಯಿತು. ನಷ್ಟ ವಿಮಾ ಮೊತ್ತದ ಒಳಗೇ ಇದೆಯಲ್ಲ, ಪೂರ್ಣ 80 ಸಾವಿರ ಬಂದೇ ಬರುತ್ತದೆ ಎಂದು ಮನೆಯವರು ನಂಬುತ್ತಾರೆ. ಆದರೆ ಅರ್ಧ ಬೆಲೆಗೆ ಮಾತ್ರ ವಿಮೆಯಿದ್ದುದರಿಂದ, ಉಳಿದರ್ಧದ ಹೊಣೆಯನ್ನು ಮಾಲಿಕರೇ ಹೊತ್ತಿದ್ದರೆಂದು ಭಾವಿಸಿ ಕಂಪನಿ 40 ಸಾವಿರವನ್ನಷ್ಟೇ ಲೆಕ್ಕ ಹಾಕುತ್ತದೆ. ಸೂಕ್ಷ್ಮ ಉದ್ಯಮದ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಮನ್ನಿಸುತ್ತಾರೆ, ಅರ್ಧಕ್ಕರ್ಧ ಕೊರತೆಯನ್ನಲ್ಲ. ದೀಪಾವಳಿ ಹಾಗೂ ಮದುವೆಯ ಕಾಲಕ್ಕೆ ದಾಸ್ತಾನು ಏರುವವರು ಆ ಏರಿಕೆಯನ್ನು ಗಮನದಲ್ಲಿಟ್ಟೇ ಮೊತ್ತ ನಿಗದಿಪಡಿಸಬೇಕು.

ಬ್ಯಾಂಕಿನಿಂದ ಸಾಲ ಪಡೆದವರು ಇನ್ನೂ ಒಂದು ಸಂಗತಿಯನ್ನು ಗಮನಿಸುವುದು ಅವಶ್ಯ. ದಾಸ್ತಾನನ್ನು ಆಧಾರವಾಗಿಟ್ಟು ಸಾಲ ಕೊಡುವಾಗ ಬ್ಯಾಂಕು ವಿಮೆಯನ್ನು ಕೇಳುತ್ತದೆ. ಅನೇಕ ವೇಳೆ ಸಾಲದ ಮೊತ್ತಕ್ಕಷ್ಟೇ ವಿಮೆ ಮಾಡಿಸಿ ಕಾಗದವನ್ನು ಕಡತಕ್ಕೆ ಸೇರಿಸಿಬಿಡುವುದುಂಟು. 1 ಲಕ್ಷದ ಸಾಲಕ್ಕೆ 1 ಲಕ್ಷದ ವಿಮೆ ಎಂಬುದು ನೋಡಲು ಸರಿಯಾಗಿಯೇ ಕಾಣುತ್ತದೆ, ಆದರೆ ದಾಸ್ತಾನು 2 ಲಕ್ಷದ್ದಾದರೆ ಮೇಲೆ ಹೇಳಿದ ಕತ್ತರಿ ಬಿದ್ದೇ ಬೀಳುತ್ತದೆ. ಪರಿಹಾರದ ಹಣವೂ ಮೊದಲು ಬ್ಯಾಂಕಿಗೇ ಸಂದಾಯವಾಗುವುದರಿಂದ ಸಾಲ ತೀರಿ ಕೈ ಬರಿದಾಗಿ ಉಳಿಯುತ್ತದೆ. ಪಾಲಿಸಿಯ ಪ್ರತಿಯನ್ನು ಬ್ಯಾಂಕಿನಿಂದ ಕೇಳಿ ಪಡೆದು, ಹೆಸರು, ಸ್ಥಳ, ಮೊತ್ತಗಳನ್ನು ಸ್ವತಃ ಓದಿ ನೋಡುವ ಹಕ್ಕು ಸಾಲಗಾರರಿಗಿದೆ. ಮನೆ ಬದಲಿಸಿದಾಗ ಪಾಲಿಸಿಯಲ್ಲಿ ಹಳೆಯ ವಿಳಾಸವೇ ಉಳಿದುಬಿಡುವುದು ಬಾಡಿಗೆ ಮನೆಗಳ ಈ ನಗರದಲ್ಲಿ ಅಪರೂಪವೇನಲ್ಲ.

ಇನ್ನು ರುಜುವಾತಿನ ವಿಚಾರ. ಭುಲೇಶ್ವರದಲ್ಲಿಯೋ ಮಂಗಲದಾಸ್ ಮಾರ್ಕೆಟ್ಟಿನಲ್ಲಿಯೋ ಚಿಲ್ಲರೆಯಾಗಿ ಕೊಂಡ ಸರಕಿಗೆ ಹೆಚ್ಚಾಗಿ ಕಚ್ಚಾ ಚೀಟಿಯೇ ದೊರೆಯುವುದು. ಅದೂ ಕಪಾಟಿನೊಡನೆ ಸುಟ್ಟಿರುತ್ತದೆ. ಹಾಗೆಂದು ಕೈಚೆಲ್ಲಿ ಕುಳಿತುಕೊಳ್ಳಬೇಕಾಗಿಲ್ಲ. ಬ್ಯಾಂಕಿನ ಖಾತೆಯ ವಿವರ, ಮೊಬೈಲಿನ ಮೂಲಕ ಹಣ ಸಂದಾಯ ಮಾಡಿದ ದಾಖಲೆ, ಅಂಗಡಿಯವರ ಬಳಿ ಇರುವ ಬಿಲ್ಲಿನ ನಕಲು, ಇಳಕಲ್ಲಿನಿಂದ ಬಂದ ಪಾರ್ಸೆಲ್ಲಿನ ರಸೀದಿ, ಬ್ಯಾಂಕಿಗೆ ಒಪ್ಪಿಸಿದ ದಾಸ್ತಾನು ಪಟ್ಟಿ ಇವೆಲ್ಲ ಬೆಂಕಿಗೆ ಸಿಗದೆ ಬೇರೆಡೆ ಉಳಿದಿರುವ ಸಾಕ್ಷ್ಯಗಳು. ಬ್ಯಾಂಕಿಗೆ ಕೊಟ್ಟ ಪಟ್ಟಿಯಲ್ಲಿ ಒಂದು ಅಂಕಿ, ವಿಮಾ ಕಂಪನಿಗೆ ಕೊಟ್ಟ ಪಟ್ಟಿಯಲ್ಲಿ ಇನ್ನೊಂದು ಅಂಕಿ ಇದ್ದರೆ ಮಾತ್ರ ಯಾವ ವಾದವೂ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಸುಲಭವಾದುದು, ಮೂರು ತಿಂಗಳಿಗೊಮ್ಮೆ ಕಪಾಟಿನ ಪ್ರತಿಯೊಂದು ಅರೆಯ ಚಿತ್ರ ತೆಗೆದು ಊರಿನಲ್ಲಿರುವ ಅಕ್ಕನಿಗೋ ತಮ್ಮನಿಗೋ ಕಳುಹಿಸಿಡುವುದು. ಕಸೂತಿಯ ಮಾದರಿಗಳನ್ನು ಬಿಡಿಸಿಟ್ಟ ಪುಸ್ತಕವನ್ನೂ ಹೀಗೆಯೇ ಉಳಿಸಿಕೊಳ್ಳಬೇಕು. ಗೃಹ ಪಾಲಿಸಿಯಲ್ಲಿ ಹಸ್ತಪ್ರತಿ, ನಕ್ಷೆ, ರೇಖಾಚಿತ್ರಗಳಿಗೆ ಪರಿಹಾರವಿಲ್ಲ, ಅಜ್ಜಿಯ ಕಾಲದ ಮಾದರಿ ಅಂಗಡಿಯಲ್ಲಿ ಸಿಗುವುದೂ ಇಲ್ಲ.

ಅನಾಹುತ ನಡೆದ ಕೂಡಲೇ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ, ಅಗ್ನಿಶಾಮಕ ದಳದ ವರದಿಗೆ ಅರ್ಜಿ ಕೊಡಬೇಕು. ಅರೆಬೆಂದ ಲಡಿಗಳನ್ನೂ ಕರಕಲಾದ ಡಬ್ಬಿಗಳನ್ನೂ ಸರ್ವೇಯರನು ನೋಡುವ ಮುನ್ನ ಕಸಕ್ಕೆ ಹಾಕಲಾಗದು. ಮನೆಯನ್ನು ಬೇಗನೆ ಚೊಕ್ಕಟ ಮಾಡಬೇಕೆಂಬ ಗೃಹಿಣಿಯ ಸಹಜ ಆತುರವೇ ಇಲ್ಲಿ ಆಕೆಗೆ ಎದುರಾಗಿ ನಿಲ್ಲುತ್ತದೆ. ಸುಟ್ಟದ್ದು ಮಾತ್ರವಲ್ಲ, ಬೆಂಕಿ ಆರಿಸಲು ಹಾಯಿಸಿದ ನೀರಿನಿಂದ ಬಣ್ಣ ಬಿಟ್ಟ ರೇಷ್ಮೆ, ಹೊಗೆ ಹಿಡಿದ ಬಟ್ಟೆ ಇವೂ ಬೆಂಕಿಯಿಂದಲೇ ಆದ ನಷ್ಟ. ಪಟ್ಟಿಯಲ್ಲಿ ಇವನ್ನು ಬಿಡಬಾರದು. ‘ನೂಲು, ಮಣಿ ಇತ್ಯಾದಿ 50,000’ ಎಂಬ ಒಂದೇ ಸಾಲಿಗೆ ಬೆಲೆಯಿಲ್ಲ. ಯಾವ ಅರೆಯಲ್ಲಿ ಎಷ್ಟು ಡಬ್ಬಿ, ಡಬ್ಬಿಗೆ ಎಷ್ಟು ಲಡಿ, ಲಡಿಗೆ ಎಷ್ಟು ಬೆಲೆ ಎಂದು ಬಿಡಿಸಿ ಬರೆಯಬೇಕು. ಮಣಿ ಚಮಕಿಗಳನ್ನು ತೂಕದ ಮೇಲೆ ಲೆಕ್ಕ ಹಾಕಬಹುದು. ಇಂದು ಅದೇ ಸರಕಿಗೆ ಅಂಗಡಿಯವರು ಬರೆದುಕೊಟ್ಟ ದರಪಟ್ಟಿಯನ್ನು ಜೊತೆಗಿರಿಸಿದರೆ ವಾದಕ್ಕೆ ಬಲ ಬರುತ್ತದೆ.

ಸವಕಳಿಯ ವಿಷಯದಲ್ಲಿ ಎಚ್ಚರ ವಹಿಸುವುದು ಮೇಲು. ಹತ್ತು ವರ್ಷ ತುಳಿದ ಹೊಲಿಗೆ ಯಂತ್ರಕ್ಕೆ, ಹೊಸತರ ಬೆಲೆ ಕೊಡುವ ಷರತ್ತು ಪಾಲಿಸಿಯಲ್ಲಿ ಇಲ್ಲದಿದ್ದರೆ, ಸವಕಳಿ ಕಳೆಯುವುದು ನ್ಯಾಯವೇ. ಆದರೆ ಬಿಚ್ಚದೆ ಇಟ್ಟಿದ್ದ ರೇಷ್ಮೆಯ ಲಡಿ ಬಳಕೆಯಿಂದ ಸವೆಯುವ ವಸ್ತುವಲ್ಲ. ಅದರ ಮೇಲೂ ಯಂತ್ರದಂತೆ ವರ್ಷಕ್ಕಿಷ್ಟು ಎಂದು ಕಳೆದಿದ್ದರೆ ಕಾರಣ ಕೇಳಲೇಬೇಕು. ಬಣ್ಣ ಮಾಸಿ ಯಾರಿಗೂ ಬೇಡವಾದ ಹಳೆಯ ಮಾಲಿಗೆ ಪೂರ್ಣ ಬೆಲೆ ಕೇಳುವುದು ಮಾತ್ರ ಅಷ್ಟೇ ತಪ್ಪು.

ಅರ್ಧ ಮುಗಿದ ಕೆಲಸದ ಬೆಲೆ ಕಟ್ಟುವುದು ಎಲ್ಲಕ್ಕಿಂತ ಕಠಿಣ. ಕಸೂತಿಯಲ್ಲಿ ಸಾಮಗ್ರಿಗಿಂತ ಶ್ರಮವೇ ಹೆಚ್ಚು. ಒಂದು ಸೆರಗಿಗೆ ವಾರಗಟ್ಟಲೆ ಎಳೆ ಎಣಿಸಬೇಕು. ಬೇರೆ ಹೆಂಗಸರಿಗೆ ಕೊಟ್ಟ ಕೂಲಿಗೆ ಸಹಿ ಪಡೆದ ಪುಸ್ತಕವಿದ್ದರೆ ಅದನ್ನು ವೆಚ್ಚಕ್ಕೆ ಸೇರಿಸಿ ಕೇಳಬಹುದು. ಮನೆಯೊಡತಿ ತಾನೇ ರಾತ್ರಿ ಎದ್ದು ಹಾಕಿದ ಹೊಲಿಗೆಗೆ ಬಿಲ್ಲು ಎಲ್ಲಿಂದ ಬರಬೇಕು? ಇಂಥ ಕಡೆಗಳಲ್ಲಿಯೇ ಗೃಹಿಣಿಯರು ಹೆಚ್ಚು ಕಳೆದುಕೊಳ್ಳುತ್ತಾರೆ. ಆರ್ಡರಿನ ದಿನಾಂಕ, ಮುಂಗಡ, ಕೆಲಸ ಎಷ್ಟರಮಟ್ಟಿಗೆ ಆಗಿತ್ತೆಂಬ ಟಿಪ್ಪಣಿ ಇದ್ದಲ್ಲಿ ಕೇಳಲು ಒಂದು ಆಧಾರವಾದರೂ ಇರುತ್ತದೆ. ಗಿರಾಕಿಗಳು ಕಸೂತಿಗೆಂದು ಕೊಟ್ಟುಹೋದ ಸೀರೆಗಳು ಇನ್ನೊಂದು ತೊಡಕು. ಅವು ಮನೆಯವರ ಸ್ವತ್ತಲ್ಲವಾದುದರಿಂದ, ಇತರರ ಪರವಾಗಿ ಇರಿಸಿಕೊಂಡ ಮಾಲಿಗೂ ವಿಮೆ ಅನ್ವಯಿಸುತ್ತದೆಂದು ಪಾಲಿಸಿಯಲ್ಲಿ ಸ್ಪಷ್ಟವಾಗಿ ನಮೂದಿಸಿಕೊಳ್ಳಬೇಕು.

ಸರ್ವೇಯರನ ವರದಿಯ ಪ್ರತಿಯನ್ನು ಕೇಳಿ ಪಡೆದು ಪ್ರತಿಯೊಂದು ಕಡಿತವನ್ನೂ ಓದಬೇಕು. ಆ ವರದಿಗೆ ತೂಕವಿದೆಯಾದರೂ ಅದೇ ಕೊನೆಯ ಮಾತಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2009ರಲ್ಲಿ ಹೇಳಿದೆ. ‘ಪೂರ್ಣ ಪರಿಹಾರವಾಗಿ ಸ್ವೀಕರಿಸಿದ್ದೇನೆ’ ಎಂಬ ಕಾಗದಕ್ಕೆ ಸಹಿ ಬೇಡುವಾಗ, ಹಣದ ತುರ್ತು ಇದ್ದವರು ತಮ್ಮ ಆಕ್ಷೇಪಣೆಯನ್ನು ಅಂದೇ ಬರವಣಿಗೆಯಲ್ಲಿ ದಾಖಲಿಸಿ ಹಣ ಪಡೆಯುವುದು ಒಳಿತು. ಕಂಪನಿಯ ದೂರು ವಿಭಾಗಕ್ಕೆ ಬರೆದ ಪತ್ರಕ್ಕೆ ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ನರ ಬಳಿ ದೂರು ಸಲ್ಲಿಸಬಹುದು. ಬಿಡಿ ವ್ಯಕ್ತಿಗಳಿಗಲ್ಲದೆ ಸೂಕ್ಷ್ಮ ಉದ್ಯಮಗಳಿಗೂ ಈ ಬಾಗಿಲು ತೆರೆದಿದೆ. 2023ರ ತಿದ್ದುಪಡಿಯ ಅನಂತರ 50 ಲಕ್ಷ ರೂಪಾಯಿಗಳವರೆಗಿನ ಪರಿಹಾರವನ್ನು ಅಲ್ಲಿ ವಿಧಿಸಬಹುದಾಗಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ಈ ಕಚೇರಿಗಳಿದ್ದು, ಪಾಲಿಸಿಯ ಪ್ರತಿ, ನಷ್ಟದ ಪಟ್ಟಿ ಮತ್ತು ಕಂಪನಿಯೊಡನೆ ನಡೆದ ಪತ್ರವ್ಯವಹಾರವನ್ನು ದೂರಿನೊಡನೆ ಲಗತ್ತಿಸಬೇಕು.