ಅಕ್ಷತೆಯ ಕಾಳು, ಫ್ಲಾಶಿನ ಕ್ಷಣ

ಬರುವ ವೈಶಾಖದಲ್ಲಿ ನೆಂಟರ ಮನೆಯ ಮದುವೆಗೆ ಫೋಟೋ ತೆಗೆಯುವ ಹೊಣೆಯನ್ನು ಹೊತ್ತಿರುವ ತಿಪಟೂರಿನ ತರುಣ ಓದುಗರೊಬ್ಬರು, ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸುವ ಫ್ಲಾಶುಗಳಲ್ಲಿ ಅತ್ಯಂತ ಪ್ರಖರವಾದುದು ಯಾವುದೆಂದೂ, ತಂದೆಯವರ ಕಾಲದ ಹಳೆಯ ಫ್ಲಾಶೊಂದು ಮನೆಯ ಬೀರುವಿನಲ್ಲಿರುವುದರಿಂದ ಅದನ್ನೇ ಬಳಸಬಹುದೇ ಎಂದೂ ಪತ್ರಮುಖೇನ ಕೇಳಿದ್ದಾರೆ. ಎರಡನೆಯ ಪ್ರಶ್ನೆಗೆ ಕಡೆಯಲ್ಲಿ ಬರುತ್ತೇನೆ. ಮೊದಲನೆಯದು ಬಹುಮಂದಿ ಕೇಳುವ ಪ್ರಶ್ನೆ. ಆದರೆ ಪ್ರಖರತೆಯೊಂದನ್ನೇ ಅಳತೆಗೋಲಾಗಿ ಹಿಡಿದು ಅಂಗಡಿಯ ಮೆಟ್ಟಿಲೇರುವವರು, ಈ ಸಣ್ಣ ಯಂತ್ರದಲ್ಲಿ ಅಡಗಿರುವ ಪರಮಾಶ್ಚರ್ಯಕರವಾದ ಗುಣವೊಂದನ್ನು ಅರಿಯದೆಯೇ ಹಣ ತೆತ್ತು ಬರುವರಾದಕಾರಣ, ಆ ಗುಣದಿಂದಲೇ ಉತ್ತರವನ್ನು ತೊಡಗುವುದು ಯುಕ್ತವೆಂದು ತೋರುತ್ತದೆ.

ಫ್ಲಾಶಿನ ಮುಖದ ಹಿಂದೆ ಒಂದು ಸಪೂರವಾದ ಗಾಜಿನ ನಳಿಗೆಯುಂಟು. ಅದರಲ್ಲಿ ತುಂಬಿರುವುದು, ನಾವು ಉಸಿರಾಡುವ ಗಾಳಿಯ ಒಂದು ಕೋಟಿಗೂ ಮೀರಿದ ಪಾಲುಗಳಲ್ಲಿ ಒಂದೇ ಒಂದು ಪಾಲಿನಷ್ಟು ದೊರೆಯುವ, 1898ರಲ್ಲಿ ಲಂಡನ್ನಿನಲ್ಲಿ ರ‍್ಯಾಮ್ಸೆ ಮತ್ತು ಟ್ರ್ಯಾವರ್ಸ್ ಎಂಬ ವಿಜ್ಞಾನಿಗಳು ಪತ್ತೆಹಚ್ಚಿದ ಕ್ಸೆನಾನ್ ಅನಿಲ. ಸೆಲ್ಲುಗಳ ಅಲ್ಪ ವಿದ್ಯುತ್ತು ಸುಮಾರು 300 ವೋಲ್ಟಿಗೆ ಏರಿ ಒಂದು ಕೆಪ್ಯಾಸಿಟರಿನಲ್ಲಿ ಸಂಚಿತವಾಗಿರುತ್ತದೆ; ಶಟರು ತೆರೆದೊಡನೆ ಹಲವು ಸಾವಿರ ವೋಲ್ಟಿನ ಕಿರುಪ್ರಚೋದನೆಯೊಂದು ಆ ಅನಿಲವನ್ನು ವಿದ್ಯುದ್ವಾಹಕವನ್ನಾಗಿ ಮಾಡುತ್ತದೆ; ಸಂಚಿತವಾದುದೆಲ್ಲವೂ ನಳಿಗೆಯ ಮೂಲಕ ಧುಮ್ಮಿಕ್ಕಿ, ನಡುಹಗಲ ಬಿಸಿಲಿನ ವರ್ಣಕ್ಕೆ ಸಮೀಪವಾದ ಬೆಳಕಾಗುತ್ತದೆ. ಇಷ್ಟನ್ನು ಅನೇಕರು ಬಲ್ಲರು.

ಅನೇಕರು ಅರಿಯದ ಸಂಗತಿ ಮುಂದಿನದು. ಮನೆಯ ದೀಪವನ್ನು ಮಂದಗೊಳಿಸಿದರೆ ಅದು ಅಷ್ಟೇ ಹೊತ್ತು ಉರಿಯುತ್ತ ಕಡಮೆ ಕಾಂತಿಯಿಂದ ಬೆಳಗುತ್ತದೆಯಷ್ಟೆ. ಈ ಬಗೆಯ ಫ್ಲಾಶನ್ನಾದರೋ ಅರ್ಧಕ್ಕೆ, ಕಾಲಿಗೆ, ಎಂಟರಲ್ಲೊಂದು ಪಾಲಿಗೆ ಇಳಿಸಿದಾಗ ಕುಗ್ಗುವುದು ಮುಖ್ಯವಾಗಿ ಅದರ ಆಯುಸ್ಸು. ಬೇಕಾದಷ್ಟು ಬೆಳಕು ಹೊರಟಿತೆಂದು ತಿಳಿದ ತತ್‌ಕ್ಷಣವೇ ಒಳಗಿರುವ ಇಲೆಕ್ಟ್ರಾನಿಕ್ ಸ್ವಿಚ್ಚು ವಿದ್ಯುತ್ಪ್ರವಾಹವನ್ನು ಕತ್ತರಿಸುತ್ತದೆ. ಮಿಕ್ಕ ವಿದ್ಯುತ್ತು ಕೆಪ್ಯಾಸಿಟರಿನಲ್ಲಿಯೇ ಉಳಿದು ಮುಂದಿನ ಚಿತ್ರಕ್ಕೆ ಒದಗುತ್ತದೆ. ನಿಕಾನ್ ಎಸ್‌ಬಿ-910 ಎಂಬ ಫ್ಲಾಶನ್ನು ನೋಡಿರಿ: ಪೂರ್ಣಶಕ್ತಿಯಲ್ಲಿ ಅದು ಬೆಳಗುವುದು ಸೆಕೆಂಡಿನ 880ನೆಯ ಒಂದು ಭಾಗ, ಎಂಟನೆಯ ಒಂದು ಪಾಲಿನ ಶಕ್ತಿಯಲ್ಲಿ 5000ನೆಯ ಒಂದು ಭಾಗ, 128ನೆಯ ಒಂದು ಪಾಲಿಗೆ ಇಳಿಸಿದರೆ 38,500ನೆಯ ಒಂದು ಭಾಗ. ಈ ಸಂಖ್ಯೆಗಳನ್ನು ಓದಿದಾಗಲೆಲ್ಲ ನನ್ನ ಮನಸ್ಸು ಹಿಗ್ಗುತ್ತದೆ.

ಇದನ್ನು ಛತ್ರದೊಳಗೆ ತಂದು ನೋಡೋಣ. ಗಟ್ಟಿಮೇಳ ಮೊಳಗಿ, ನೆರೆದ ಬಂಧುಗಳೆಲ್ಲರೂ ವಧೂವರರ ಮೇಲೆ ಅಕ್ಷತೆಯನ್ನು ಎರಚುವ ಕ್ಷಣದಲ್ಲಿ, ಮೂರಡಿಯಷ್ಟು ಎತ್ತರದಿಂದ ಇಳಿದ ಅಕ್ಕಿಕಾಳು ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್ ವೇಗದಲ್ಲಿರುತ್ತದೆ. ಕೇವಲ ಛತ್ರದ ದೀಪಗಳನ್ನು ನಂಬಿ ಸೆಕೆಂಡಿನ 60ನೆಯ ಒಂದು ಭಾಗ ಶಟರನ್ನು ತೆರೆದಿಟ್ಟರೆ ಆ ಕಾಳು ಅಷ್ಟರಲ್ಲಿ ಆರು ಸೆಂಟಿಮೀಟರಿಗೂ ಹೆಚ್ಚು ದೂರ ಸರಿದು, ಚಿತ್ರದಲ್ಲಿ ಮಸುಕಾದ ಗೆರೆಯಾಗಿ ಮೂಡುತ್ತದೆ. ಪೂರ್ಣಶಕ್ತಿಯ ಫ್ಲಾಶಿನಲ್ಲಿ ಅದು ಸರಿಯುವುದು ನಾಲ್ಕೂವರೆ ಮಿಲಿಮೀಟರ್, ಎಂದರೆ ಹೆಚ್ಚುಕಡಮೆ ಕಾಳಿನ ಉದ್ದದಷ್ಟೇ. ಆದಕಾರಣ ಕಾಳುಗಳು ಉದ್ದುದ್ದವಾಗಿ ಕಾಣುತ್ತವೆ. ಶಕ್ತಿಯನ್ನು ಎಂಟನೆಯ ಪಾಲಿಗೆ ಇಳಿಸಿದಿರೋ, ಸರಿತವು ಒಂದು ಮಿಲಿಮೀಟರಿಗೂ ಕಡಮೆ. ಅರಿಶಿನ ಹತ್ತಿದ ಒಂದೊಂದು ಕಾಳೂ ಆಕಾಶದಲ್ಲಿ ನಿಂತು, ವಧುವಿನ ಮುಡಿಗೂ ಪುರೋಹಿತರ ಕೈಗೂ ನಡುವೆ ಎಣಿಸುವಂತೆ ಚಿತ್ರಿತವಾಗುತ್ತದೆ. ಕ್ಷಣಮಾತ್ರದ ಬೆಳಕಿನಿಂದ ಕಾಲವನ್ನು ನಿಶ್ಚಲಗೊಳಿಸುವ ಈ ವಿದ್ಯೆಯನ್ನೇ ಅಮೆರಿಕದ ಎಂಐಟಿಯಲ್ಲಿ 1930ರ ದಶಕದಿಂದ ಬೆಳೆಸಿದ ಹೆರಾಲ್ಡ್ ಎಡ್ಜರ್ಟನ್ನರು, ಹಾಲಿನ ಹನಿಯೊಂದು ಬಿದ್ದು ಕಿರೀಟದಾಕಾರದಲ್ಲಿ ಚಿಮ್ಮುವುದನ್ನು 1957ರಲ್ಲಿ ವರ್ಣಚಿತ್ರವಾಗಿ ಲೋಕಕ್ಕೆ ತೋರಿಸಿದರು.

ಹಾಗಾದರೆ ಶಕ್ತಿಯೇ ಬೇಡವೆ? ಬೇಕು, ಮೀಸಲಾಗಿ ಬೇಕು. ಆದರೆ ಅಂಗಡಿಯವರು ಹೇಳುವ ಶಕ್ತಿಯ ಅಂಕಿಯನ್ನು ಓದುವ ಕ್ರಮವೊಂದುಂಟು. ಗೈಡ್ ನಂಬರ್ ಎಂಬ ಆ ಅಂಕಿಯನ್ನು ಮೀಟರಿನ ದೂರದಿಂದ ಭಾಗಿಸಿದರೆ, ಐಎಸ್‌ಒ 100ರಲ್ಲಿ ಇಡಬೇಕಾದ ಅಪರ್ಚರು ಸಿಕ್ಕುತ್ತದೆ. ಕ್ಯಾನನ್ನಿನ 600ಇಎಕ್ಸ್-ಆರ್‌ಟಿಗೆ 60 ಎಂದೂ, ನಿಕಾನಿನ ಎಸ್‌ಬಿ-910ಕ್ಕೆ 34 ಎಂದೂ ಬರೆದಿರುವುದನ್ನು ಕಂಡವರು, ಮೊದಲನೆಯದು ಬಹಳ ಹೆಚ್ಚು ಶಕ್ತಿಯುಳ್ಳದ್ದೆಂದು ಭ್ರಮಿಸುತ್ತಾರೆ. ಆ 60 ಎಂಬುದು ಫ್ಲಾಶಿನ ತಲೆಯನ್ನು 200 ಮಿಲಿಮೀಟರ್ ಲೆನ್ಸಿಗೆ ಹೊಂದಿಸಿ, ಬೆಳಕನ್ನು ಕಿರಿದಾದ ಧಾರೆಯಾಗಿ ಒತ್ತಿ ಅಳೆದುದು. 34 ಎಂಬುದು 35 ಮಿಲಿಮೀಟರಿನ ವಿಶಾಲ ಹರಹಿನಲ್ಲಿ ಅಳೆದುದು. ಒಂದೇ ಹರಹಿನಲ್ಲಿಟ್ಟರೆ ಎರಡೂ ಹೆಚ್ಚುಕಡಮೆ ಸರಿಸಮ.

ಆ ಶಕ್ತಿಯನ್ನು ನೇರವಾಗಿ ಮುಖಕ್ಕೆ ಹೊಡೆಯುವುದು ಛತ್ರದ ಫೋಟೋಗಳನ್ನು ಕೆಡಿಸುವ ಮುಖ್ಯ ದೋಷ. ದೂರ ಇಮ್ಮಡಿಸಿದರೆ ಬೆಳಕು ನಾಲ್ಕನೆಯ ಒಂದು ಪಾಲಾಗುವುದರಿಂದ, ಎರಡು ಮೀಟರಿನಲ್ಲಿರುವ ವಧು ಸುಣ್ಣ ಬಳಿದಂತೆ ಬೆಳ್ಳಗಾಗಿ, ಆರು ಮೀಟರಿನಲ್ಲಿ ಕುಳಿತ ಹಿರಿಯರಿಗೆ ಆಕೆಯ ಒಂಬತ್ತನೆಯ ಒಂದು ಪಾಲು ಬೆಳಕು ಮಾತ್ರ ದೊರೆತು ಅವರು ಕತ್ತಲಲ್ಲಿ ಕರಗುತ್ತಾರೆ. ಕ್ಯಾಮೆರಾದಲ್ಲಿಯೇ ಅಡಕವಾದ ಸಣ್ಣ ಫ್ಲಾಶಿನಿಂದ ಇನ್ನೂ ಒಂದು ಅನರ್ಥವುಂಟು. ಅದು ಲೆನ್ಸಿಗೆ ತೀರ ಸಮೀಪದಲ್ಲಿರುವುದರಿಂದ, ಲೆನ್ಸಿನ ಮುಂದೆಯೇ ತೇಲುವ ಧೂಳು, ಹೋಮದ ಬೂದಿಕಣ ಮೊದಲಾದುವು ಬೆಳಗಿ, ಫೋಕಸ್ಸಿಗೆ ಹೊರಗಾದ ದುಂಡನೆಯ ಬಿಂಬಗಳಾಗಿ ಚಿತ್ರದ ತುಂಬ ತೇಲುತ್ತವೆ. ಇವುಗಳನ್ನು ಗತಿಸಿದ ಹಿರಿಯರ ಆತ್ಮಗಳೆಂದೂ ದೇವತೆಗಳ ಸಾನ್ನಿಧ್ಯವೆಂದೂ ವಿದ್ಯಾವಂತರೇ ಭಕ್ತಿಯಿಂದ ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುತ್ತಿರುವುದು ವಿಷಾದದ ಸಂಗತಿ. ಚಾಪೆಯೊಂದನ್ನು ಕೊಡವಿ ಅಲ್ಲಿಯೇ ಫೋಟೋ ತೆಗೆಯಿರಿ. ನಿಮ್ಮ ನಡುಮನೆಯಲ್ಲಿಯೂ ಅವು ನೂರಾರು ಪ್ರತ್ಯಕ್ಷವಾಗುತ್ತವೆ. ಲೆನ್ಸಿನಿಂದ ಒಂದು ಗೇಣು ಮೇಲಕ್ಕೆ ಬೆಳಕನ್ನು ಒಯ್ಯುವ ಹೊರಗಿನ ಫ್ಲಾಶಿನಲ್ಲಿ ಇವೂ, ಅಕ್ಷಿಪಟದ ರಕ್ತದಿಂದ ಮರಳುವ ಕೆಂಪುಗಣ್ಣಿನ ದೋಷವೂ ಬಹುಮಟ್ಟಿಗೆ ಇಲ್ಲವಾಗುತ್ತವೆ.

ಉಪಾಯವೆಂದರೆ ಛಾವಣಿ. ಫ್ಲಾಶಿನ ತಲೆಯನ್ನು ಮೇಲಕ್ಕೆ ತಿರುಗಿಸಿದಾಗ ಬಿಳಿಯ ಛಾವಣಿಯ ವಿಶಾಲವಾದ ಭಾಗವೊಂದು ತಾನೇ ದೀಪವಾಗಿ, ನೆರಳುಗಳ ಅಂಚು ಮೃದುವಾಗಿ, ಮುಂದಿನವರಿಗೂ ಹಿಂದಿನವರಿಗೂ ಬೆಳಕು ಸಮನಾಗಿ ಹಂಚಿಕೆಯಾಗುತ್ತದೆ. ಇದಕ್ಕೆ ತೆರಬೇಕಾದ ಬೆಲೆಯನ್ನು ಲೆಕ್ಕ ಹಾಕಬಹುದು. ನಾಲ್ಕು ಮೀಟರ್ ಎತ್ತರದ ಛಾವಣಿ, ಒಂದೂವರೆ ಮೀಟರ್ ಎತ್ತರದಲ್ಲಿ ಕ್ಯಾಮೆರಾ, ಮೂರು ಮೀಟರ್ ದೂರದಲ್ಲಿ ದಂಪತಿಗಳು ಎಂದಿಟ್ಟುಕೊಂಡರೆ, ಬೆಳಕು ಏರಿ ಇಳಿಯುವ ಹಾದಿ ಆರು ಮೀಟರಿಗೆ ಸಮೀಪ. ಚದುರುವುದರಲ್ಲಿಯೂ ಸುಣ್ಣ ಹೀರುವುದರಲ್ಲಿಯೂ ಉಳಿದುದರ ಮುಕ್ಕಾಲು ಪಾಲು ನಷ್ಟವಾಯಿತೆನ್ನೋಣ. ಗೈಡ್ ನಂಬರ್ 34ರ ಫ್ಲಾಶು, ಐಎಸ್‌ಒ 800, ಅಪರ್ಚರ್ ಎಫ್ 2.8 ಇದ್ದರೆ ಆಗಲೂ ಬೇಕಾಗುವುದು ಪೂರ್ಣಶಕ್ತಿಯ ಎಂಟನೆಯ ಒಂದು ಪಾಲು ಮಾತ್ರ! ಅಕ್ಷತೆಯನ್ನು ಆಕಾಶದಲ್ಲಿ ನಿಲ್ಲಿಸುವ ಶಕ್ತಿಯೂ ಅದೇ. ಹೊಸ ಕ್ಯಾಮೆರಾಗಳು ಐಎಸ್‌ಒ 800ನ್ನು ಸರಾಗವಾಗಿ ತಾಳುವುದರಿಂದ, ಐಎಸ್‌ಒ 100ಕ್ಕೆ ಅಂಟಿಕೊಂಡು ಭಾರಿ ಫ್ಲಾಶನ್ನು ಅರಸುವವರು ಬಿಟ್ಟಿಯಾಗಿ ದೊರೆತ ಎಂಟು ಮಡಿ ಸಾಮರ್ಥ್ಯವನ್ನು ಕೈಬಿಡುತ್ತಿದ್ದಾರೆ. ಹತ್ತು ಮೀಟರ್ ಎತ್ತರದ ದೊಡ್ಡ ಸಭಾಂಗಣವಾದರೆ ಮಾತು ಬೇರೆ. ಅಲ್ಲಿ ಬೇಕಾಗುವ ಬೆಳಕು ಸುಮಾರು ಒಂಬತ್ತು ಮಡಿಯಾಗಿ, ಪೂರ್ಣಶಕ್ತಿಯೂ ಸಾಲುವುದು ಕಷ್ಟ. ಪಕ್ಕದ ಗೋಡೆಯನ್ನು ಹುಡುಕಬೇಕು. ಕೆಂಪು ಹಳದಿ ಬಟ್ಟೆಯ ಶಾಮಿಯಾನದಡಿಯಲ್ಲಿ ಮೇಲಕ್ಕೆ ಹೊಡೆದರೆ ಎಲ್ಲರ ಮುಖಕ್ಕೂ ಆ ಬಣ್ಣವೇ ಬಳಿದುಕೊಳ್ಳುತ್ತದೆ.

ಇಲ್ಲಿ ಒಂದು ಮೂಢವಿಶ್ವಾಸವನ್ನು ಖಂಡಿಸದೆ ಮುಂದೆ ಹೋಗಲಾರೆ. ಫ್ಲಾಶಿಗೆ ತೊಡಿಸುವ ಪುಟ್ಟ ಹಾಲುಬಿಳಿ ಪ್ಲಾಸ್ಟಿಕ್ ಟೊಪ್ಪಿಗೆಯು ಬೆಳಕನ್ನು ಮೃದುಗೊಳಿಸುವುದೆಂಬ ನಂಬಿಕೆ ನಮ್ಮ ಫೋಟೋಗ್ರಾಫರರಲ್ಲಿ ಬೇರೂರಿದೆ. ದೇವಸ್ಥಾನದ ಬಯಲು ಪ್ರಾಕಾರದಲ್ಲಿ, ಮೇಲೆ ನೀಲಾಕಾಶವಲ್ಲದೆ ಮತ್ತೇನೂ ಇಲ್ಲದ ಎಡೆಯಲ್ಲಿಯೂ ಆ ಟೊಪ್ಪಿಗೆಯನ್ನು ತೊಡಿಸಿ ಫ್ಲಾಶನ್ನು ಊರ್ಧ್ವಮುಖವಾಗಿ ಹಿಡಿದವರನ್ನು ನಾನು ಕಂಡಿದ್ದೇನೆ. ನೆರಳಿನ ಮಾರ್ದವವು ಬೆಳಕಿನ ಆಕರವು ವಸ್ತುವಿಗೆ ಎಷ್ಟು ದೊಡ್ಡದಾಗಿ ಕಾಣುವುದೆಂಬುದನ್ನು ಅವಲಂಬಿಸಿದೆ. ಅಂಗೈಯಗಲದ ಪ್ಲಾಸ್ಟಿಕ್ಕು ಮೂರು ಮೀಟರ್ ದೂರದಿಂದ ಅಂಗೈಯಗಲವಾಗಿಯೇ ಇರುತ್ತದೆ. ಟೊಪ್ಪಿಗೆಯು ಬೆಳಕನ್ನು ದಶದಿಕ್ಕುಗಳಿಗೂ ಚೆಲ್ಲುವುದರಿಂದ, ಸಣ್ಣ ಕೋಣೆಯಲ್ಲಿ ಗೋಡೆಗಳೂ ಛಾವಣಿಯೂ ಆ ಬೆಳಕನ್ನು ಮರಳಿಸಿ ಮೃದುತ್ವವನ್ನು ತರುತ್ತವೆ. ಕೀರ್ತಿ ಗೋಡೆಗಳಿಗೆ ಸಲ್ಲತಕ್ಕದ್ದು. ಬಯಲಿನಲ್ಲಿ ಅದು ಸೆಲ್ಲುಗಳ ಬಲವನ್ನು ಪೋಲು ಮಾಡುವುದಲ್ಲದೆ ಬೇರೇನನ್ನೂ ಮಾಡದು.

ಆದುದರಿಂದ, ಎಲೈ ತರುಣ ಮಿತ್ರರೇ, ಅಂಗಡಿಯಲ್ಲಿ ಮೊದಲು ಫ್ಲಾಶಿನ ತಲೆಯನ್ನು ಕೈಯಿಂದ ತಿರುಗಿಸಿ ನೋಡಿರಿ. ಮೇಲಕ್ಕೆ ಬಾಗಿದರೆ ಸಾಲದು. ಎಡಕ್ಕೂ ಬಲಕ್ಕೂ ಹಿಂದಕ್ಕೂ ಹೊರಳಬೇಕು, ಏಕೆಂದರೆ ಕ್ಯಾಮೆರಾವನ್ನು ಲಂಬವಾಗಿ ಹಿಡಿದಾಗ ಛಾವಣಿಯು ಫ್ಲಾಶಿನ ಪಕ್ಕಕ್ಕೆ ಬರುತ್ತದೆ. 35 ಮಿಲಿಮೀಟರಿನಲ್ಲಿ ಗೈಡ್ ನಂಬರ್ 28ರಿಂದ 36ರವರೆಗಿನ ಯಾವುದೂ ಸಾಮಾನ್ಯ ಛತ್ರಕ್ಕೆ ಸಾಕು. ಪೂರ್ಣಶಕ್ತಿಯ ಬಳಿಕ ಮತ್ತೆ ಸಿದ್ಧವಾಗಲು ಎಷ್ಟು ಸೆಕೆಂಡು ಬೇಕೆಂದು ಕೇಳಿರಿ. ಲಿಥಿಯಂ ಬ್ಯಾಟರಿಯ ಗೋಡಾಕ್ಸ್ ವಿ1ರಂಥವುಗಳಿಗೆ ಒಂದೂವರೆ ಸೆಕೆಂಡು. ನಾಲ್ಕು ಸೆಲ್ಲುಗಳವಕ್ಕೆ ಸಾಮಾನ್ಯವಾಗಿ ಇನ್ನೂ ಹೆಚ್ಚು. ಸೆಲ್ಲುಗಳಾದರೆ ರೀಚಾರ್ಜ್ ಮಾಡುವ ನಿಕಲ್-ಮೆಟಲ್ ಹೈಡ್ರೈಡ್ ಬಗೆಯವನ್ನೇ ಕೊಳ್ಳಿರಿ. ಆಲ್ಕಲೈನ್ ಸೆಲ್ಲುಗಳ ಒಳತಡೆ ಹೆಚ್ಚಾದುದರಿಂದ ಅವು ಅರ್ಧ ಮದುವೆಯಲ್ಲಿಯೇ ನಿಧಾನಿಸುತ್ತವೆ. ಲೆನ್ಸಿನ ಮೂಲಕ ಬಂದ ಬೆಳಕನ್ನಳೆದು ಫ್ಲಾಶಿನ ಪ್ರಮಾಣವನ್ನು ತಾನೇ ನಿರ್ಧರಿಸುವ, ನಿಮ್ಮ ಕ್ಯಾಮೆರಾದ ಕಂಪೆನಿಗೆ ಹೊಂದುವ ಟಿಟಿಎಲ್ ವ್ಯವಸ್ಥೆ ಇರಲಿ, ಕ್ಯಾನನ್, ನಿಕಾನ್, ಸೋನಿಗಳ ಫ್ಲಾಶಿನ ತಳದ ಸಂಪರ್ಕಬಿಂದುಗಳು ಬೇರೆ ಬೇರೆ. ಆ ಟಿಟಿಎಲ್ ಮರಳಿದ ಬೆಳಕನ್ನು ನಡುಬೂದುಬಣ್ಣವೆಂದು ಗಣಿಸುವುದರಿಂದ, ಬಿಳಿ ರೇಷ್ಮೆಪಂಚೆಯ ವರನನ್ನು ಮಂಕಾಗಿಸುತ್ತದೆ. ಆಗ ಒಂದು ಸ್ಟಾಪಿನಷ್ಟು ಹೆಚ್ಚಿಸಿರಿ, ಆರತಕ್ಷತೆಯ ಕಪ್ಪು ಕೋಟಿಗೆ ಇಳಿಸಿರಿ.

ಇನ್ನು ಬೀರುವಿನ ಹಳೆಯ ಫ್ಲಾಶು. 1970ರ ದಶಕದ ಕೆಲವು ಫ್ಲಾಶುಗಳ ತಳದ ನಡುಬಿಂದುವಿನಲ್ಲಿ 200 ವೋಲ್ಟನ್ನೂ ಮೀರಿದ ವಿದ್ಯುತ್ತಿರುತ್ತದೆ. ಆ ಕಾಲದ ಕ್ಯಾಮೆರಾಗಳ ಲೋಹದ ಸ್ವಿಚ್ಚುಗಳು ಅದನ್ನು ತಾಳಿದುವು, ಇಂದಿನ ಹಲವು ಕ್ಯಾಮೆರಾಗಳ ಸೂಕ್ಷ್ಮ ಮಂಡಲಗಳು ಸುಟ್ಟುಹೋಗುವ ಸಂಭವವುಂಟು. ರೇಡಿಯೋ ರಿಪೇರಿಯವರ ಬಳಿ ಮಲ್ಟಿಮೀಟರಿರುತ್ತದೆ. ಫ್ಲಾಶನ್ನು ಚಾರ್ಜ್ ಮಾಡಿ, ತಳದ ನಡುಬಿಂದುವಿಗೂ ಅಂಚಿನ ಲೋಹಕ್ಕೂ ನಡುವಿನ ವೋಲ್ಟೇಜನ್ನು ಅಳೆಯಿಸಿ, ಕ್ಯಾಮೆರಾದ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯೊಡನೆ ಹೋಲಿಸಿದ ಮೇಲೆಯೇ ಅದನ್ನು ಕ್ಯಾಮೆರಾಕ್ಕೆ ಏರಿಸಿರಿ.